ಬಾಲೇವಾಡಿಯಿಂದ ಹೊರಟ ಮಿಜೊ ಸ್ಟ್ರೈಕರ್

ಬೆಂಗಳೂರಿನಿಂದ ಮುಂಬೈಗೆ ಹೋಗುವ ಬಸ್ಸು ಪುಣೆ ದಾಟುವ ಹೊತ್ತಿಗೆ ಬಾಲೇವಾಡಿ ಕ್ರೀಡಾಂಗಣ ಹೆದ್ದಾರಿ ಬದಿಯಲ್ಲೇ ಸಿಗುತ್ತದೆ. ಇಲ್ಲಿ ಎರಡು ಫುಟ್‌ಬಾಲ್ ಕ್ಲಬ್‌ಗಳು ಬಾಳಿ ಹೋಗಿವೆ. ಅಶೋಕ್ ಪಿರಾಮಲ್ ಸಮೂಹ 2007ರಲ್ಲಿ ಕಟ್ಟಿದ ಪುಣೆ ಎಫ್‌ಸಿ, ಐ-ಲೀಗ್‌ನಲ್ಲಿ ಎರಡನೇ ಸ್ಥಾನದವರೆಗೆ ಏರಿ 2015ರಲ್ಲಿ ನಿಂತುಹೋಯಿತು. ಐಎಸ್‌ಎಲ್‌ನ ಎಫ್‌ಸಿ ಪುಣೆ ಸಿಟಿ 2014ರಲ್ಲಿ ಫ್ರಾನ್ಸಿನ ವಿಶ್ವಕಪ್ ವಿಜೇತ ಡೇವಿಡ್ ಟ್ರೆಜೆಗೆಯನ್ನು ಕರೆಸಿ ಭಾರಿ ಸದ್ದು ಮಾಡಿ, 2019ರಲ್ಲಿ ಬಾಗಿಲು ಹಾಕಿತು. ಟ್ರೆಜೆಗೆ ಇಲ್ಲಿ ಹೊಡೆದದ್ದು ಎರಡೇ ಗೋಲು.

ಪುಣೆ ಭಾರತಕ್ಕೆ ಕೊಟ್ಟ ಸ್ಟ್ರೈಕರ್ ಅಂದರೆ ಮಿಜೋರಾಂನ ಹ್ನಾಥಿಯಾಲ್‌ನ ಹುಡುಗ ಜೆಜೆ ಲಾಲ್‌ಪೆಕ್ಲುವಾ.

1991ರಲ್ಲಿ ಹುಟ್ಟಿದ ಜೆಜೆ ಪುಣೆ ಎಫ್‌ಸಿ ಸೇರಿದ್ದು 2009ರಲ್ಲಿ. ಮರುವರ್ಷ ಕ್ಲಬ್ ಅವರನ್ನು ಎರವಲಾಗಿ ಇಂಡಿಯನ್ ಆರೋಸ್‌ಗೆ ಕಳಿಸಿತು. ಅದು ಭಾರತದ ಎಳೆಯರಿಗೆಂದೇ ಫುಟ್‌ಬಾಲ್ ಫೆಡರೇಷನ್ ಕಟ್ಟಿದ ತಂಡ, ವಿದೇಶಿಯರೇ ಇರಲಿಲ್ಲ. ಅಲ್ಲಿ ಜೆಜೆ ಒಂದೇ ಋತುವಿನಲ್ಲಿ 13 ಗೋಲು ಬಾರಿಸಿದರು. ಈ ಲೆಕ್ಕದ ಹಿಂದೊಂದು ಕಥೆಯಿದೆ. ನಮ್ಮ ಕ್ಲಬ್‌ಗಳು ವಿದೇಶಿ ಆಟಗಾರನಿಗೆ ದುಡ್ಡು ಸುರಿಯುವಾಗ ಮೊದಲು ಕೊಳ್ಳುವುದೇ ಗೋಲು ಹೊಡೆಯುವವನನ್ನು. ಐಎಸ್‌ಎಲ್‌ನ ಮೊದಲ ಮೂರು ವರ್ಷವಂತೂ ಅಂಕಣದ 11 ಮಂದಿಯಲ್ಲಿ ಆರು ಜನ ಹೊರಗಿನವರಿರಬಹುದಿತ್ತು. ಹಾಗಾಗಿ ಭಾರತೀಯ ಸ್ಟ್ರೈಕರ್ ಒಂದೋ ಅಂಚಿಗೆ ಸರಿಯಬೇಕು, ಇಲ್ಲವೇ ಬೆಂಚಿನಲ್ಲಿ ಕೂರಬೇಕು. ಗೋಲಿನ ಮುಂದೆ ನಿಲ್ಲಲು ಜಾಗ ಸಿಕ್ಕದವನು ಗೋಲು ಹೊಡೆಯುವುದನ್ನು ಕಲಿಯುವುದೆಲ್ಲಿ? ಪುಣೆಗೆ ಮರಳಿದ ಮೇಲೆ ಜೆಜೆ ಪಕ್ಕದಲ್ಲೂ ದಕ್ಷಿಣ ಸುಡಾನ್‌ನ ಜೇಮ್ಸ್ ಮೋಗಾ ಇದ್ದರು. ಆದರೂ ಜಾಗ ಬಿಟ್ಟುಕೊಡದವರ ಪೈಕಿ ಸುನಿಲ್ ಛೆಟ್ರಿಯ ನಂತರ ನೆನಪಾಗುವ ಹೆಸರು ಜೆಜೆಯದೇ.

2016ರ ಜನವರಿ 3, ತಿರುವನಂತಪುರದಲ್ಲಿ ಸ್ಯಾಫ್ ಕಪ್ ಫೈನಲ್. 70ನೇ ನಿಮಿಷದಲ್ಲಿ ಅಫ್ಘಾನಿಸ್ತಾನ ಮುಂದಾಯಿತು. ಎರಡೇ ನಿಮಿಷದಲ್ಲಿ ಜೆಜೆ ಸಮ ಮಾಡಿದರು. ಹೆಚ್ಚುವರಿ ವೇಳೆಯಲ್ಲಿ ಛೆಟ್ರಿ ಗೆಲ್ಲಿಸಿದರು. ‘ಮಿಜೊ ಸ್ನೈಪರ್’ ಎಂಬ ಅಡ್ಡಹೆಸರು ಸುಮ್ಮನೆ ಬಂದದ್ದಲ್ಲ.

ಬೆಂಗಳೂರಿನ ಅಭಿಮಾನಿಗಳಿಗೆ ಮಾತ್ರ ಈ ಹೆಸರು ಕೇಳಿದರೆ ಕೊಂಚ ಕಹಿ. 2015ರ ಮೇ 31ರಂದು ಕಂಠೀರವದಲ್ಲಿ ಐ-ಲೀಗ್ ಪ್ರಶಸ್ತಿಗೆ ಬೆಂಗಳೂರು ಎಫ್‌ಸಿ ಗೆಲ್ಲಲೇಬೇಕಿತ್ತು. 87ನೇ ನಿಮಿಷದಲ್ಲಿ ಎದುರಾಳಿ ಮೋಹನ್ ಬಾಗಾನ್‌ನ ಬೆಲ್ಲೊ ರಜಾಕ್ ಹೆಡ್ ಮಾಡಿದ ಚೆಂಡು ಒಳಹೋಗಿ ಪಂದ್ಯ 1-1 ಆಯಿತು, ಕಪ್ಪು ಬಾಗಾನ್ ಪಾಲಾಯಿತು. ಆ ಋತುವಿನಲ್ಲಿ ಜೆಜೆ ಬಾಗಾನ್ ಆಟಗಾರ. 2018ರ ಮಾರ್ಚ್‌ನಲ್ಲಿ ಛೆಟ್ರಿಯ ಹ್ಯಾಟ್ರಿಕ್‌ನಿಂದ ಪುಣೆ ಸಿಟಿಯನ್ನು 3-1ರಿಂದ ಮಣಿಸಿ ಬೆಂಗಳೂರು ಐಎಸ್‌ಎಲ್ ಫೈನಲ್ ತಲುಪಿತು. ಅತ್ತ ಗೋವಾ ವಿರುದ್ಧದ ಸೆಮಿಫೈನಲ್‌ನಲ್ಲಿ ಎರಡು ಗೋಲು ಹೊಡೆದು ಚೆನ್ನೈಯಿನ್ ತಂಡವನ್ನು ಅದೇ ಫೈನಲ್‌ಗೆ ತಂದವರು ಜೆಜೆ. ಕಂಠೀರವದಲ್ಲಿ 3-2, ಮತ್ತೆ ಸೋಲು ಆತಿಥೇಯರಿಗೇ.

2019ರ ಜನವರಿಯ ಏಷ್ಯಾ ಕಪ್‌ನಲ್ಲಿ ಥಾಯ್ಲೆಂಡನ್ನು ಭಾರತ 4-1ರಿಂದ ಸೋಲಿಸಿತು. ಬದಲಿಯಾಗಿ ಇಳಿದ ಜೆಜೆಯದೇ ನಾಲ್ಕನೇ ಗೋಲು. ಆಮೇಲೆ ಮಂಡಿ ಕೈಕೊಟ್ಟಿತು. ಶಸ್ತ್ರಚಿಕಿತ್ಸೆ, ಒಂದಿಡೀ ಋತು ಮನೆಯಲ್ಲಿ. ಈಸ್ಟ್ ಬೆಂಗಾಲ್ ಪರ ಮರಳಿದರೂ ಹಳೆಯ ವೇಗ ಮರಳಲಿಲ್ಲ. 2023ರಲ್ಲಿ ನಿವೃತ್ತಿ ಘೋಷಿಸಿದಾಗ ಅವರಿಗೆ 32. ಅದೇ ವರ್ಷ ಝೋರಾಂ ಪೀಪಲ್ಸ್ ಮೂವ್‌ಮೆಂಟ್ ಅಭ್ಯರ್ಥಿಯಾಗಿ ಸೌತ್ ತುಯಿಪುಯಿಯಲ್ಲಿ ನಿಂತು, ಆಗಿನ ಆರೋಗ್ಯ ಸಚಿವರನ್ನೇ 135 ಮತಗಳಿಂದ ಸೋಲಿಸಿ ಶಾಸಕರಾದರು.

2025ರ ಮಾರ್ಚ್‌ನಲ್ಲಿ, ಗೋಲು ಹೊಡೆಯುವವರಿಲ್ಲವೆಂದು ನಲವತ್ತು ದಾಟಿದ ಛೆಟ್ರಿಯನ್ನು ನಿವೃತ್ತಿಯಿಂದ ವಾಪಸು ಕರೆಸಲಾಯಿತು. ಶಿಲ್ಲಾಂಗ್‌ನಲ್ಲಿ ಮಾಲ್ಡೀವ್ಸ್ ವಿರುದ್ಧ ಅವರು ಗೋಲನ್ನೂ ಹೊಡೆದರು. ಅವರಿಗಿಂತ ಆರು ವರ್ಷ ಚಿಕ್ಕವರಾದ ಜೆಜೆ ಆಗಲೇ ಐಜ್ವಾಲ್‌ನ ವಿಧಾನಸಭೆಯಲ್ಲಿ ಕುಳಿತಿದ್ದರು.