ನೆಲಮಟ್ಟದ ಓಜೋನ್ ಮತ್ತು ಋತುಮಾರುತಗಳು

ಓಜೋನ್ ಅನಿಲವು ತಾನಿರುವ ಎತ್ತರಕ್ಕನುಗುಣವಾಗಿ ಹಿತಕಾರಿಯೂ ಅಹಿತಕಾರಿಯೂ ಆಗಿದೆ. ಭೂಮಿಯಿಂದ ಸುಮಾರು 15ರಿಂದ 35 ಕಿಲೋಮೀಟರ್ ಎತ್ತರದಲ್ಲಿ ಅದು ಸೂರ್ಯನ ಅತಿನೇರಳೆ ಕಿರಣಗಳನ್ನು ತಡೆಯುತ್ತದೆ. ಆದರೆ ಉಸಿರಾಡುವ ಗಾಳಿಯಲ್ಲಿ ಹೆಚ್ಚಾದಾಗ ಶ್ವಾಸಕೋಶಗಳನ್ನು ಕೆರಳಿಸುತ್ತದೆ, ಉಬ್ಬಸ ರೋಗಿಗಳನ್ನು ಬಾಧಿಸುತ್ತದೆ. ಗೋಧಿಯಂತಹ ಬೆಳೆಗಳ ಇಳುವರಿಯನ್ನೂ ಕುಗ್ಗಿಸುತ್ತದೆ.

ಉತ್ಪತ್ತಿ

ನೆಲಮಟ್ಟದ ಓಜೋನ್ ವಾಹನಗಳಿಂದಾಗಲಿ ಕಾರ್ಖಾನೆಗಳಿಂದಾಗಲಿ ನೇರವಾಗಿ ಹೊರಬೀಳುವುದಿಲ್ಲ. ಇಂಧನ ಉರಿದಾಗ ಹೊರಬರುವ ಸಾರಜನಕದ ಆಕ್ಸೈಡುಗಳೂ, ಪೆಟ್ರೋಲ್, ಬಣ್ಣ ಮುಂತಾದವುಗಳಿಂದ ಆವಿಯಾಗುವ ಸಾವಯವ ಸಂಯುಕ್ತಗಳೂ ಬಿಸಿಲಿನಲ್ಲಿ ವರ್ತಿಸಿದಾಗ ಅದು ಉಂಟಾಗುತ್ತದೆ. ಆದುದರಿಂದಲೇ ಮಧ್ಯಾಹ್ನದ ವೇಳೆಗೆ ಅದರ ಪ್ರಮಾಣ ಏರುತ್ತದೆ. ಆದರೆ ವಾಹನಗಳ ಸಂಖ್ಯೆ ಅಷ್ಟೇ ಇದ್ದರೂ ಒಂದು ಋತುವಿನಲ್ಲಿ ಓಜೋನ್ ಹೆಚ್ಚಿ, ಮತ್ತೊಂದರಲ್ಲಿ ತಗ್ಗುವುದೇಕೆ? ಸಾವಿರಾರು ಕಿಲೋಮೀಟರ್‌ಗಳಷ್ಟು ವ್ಯಾಪಿಸಿರುವ ವಾಯುಸಂಚಾರದಲ್ಲಿ ಇದಕ್ಕೆ ಉತ್ತರವಿದೆ.

ಮಾರುತಗಳ ಪ್ರಭಾವ

ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ನೈಋತ್ಯ ಮಾರುತವು ಹಿಂದೂ ಮಹಾಸಾಗರದಿಂದ ಸಮಭಾಜಕ ವೃತ್ತವನ್ನು ದಾಟಿ ಬರುತ್ತದೆ. ಈ ಅವಧಿಯಲ್ಲಿ ಮುಂಬಯಿ, ಪುಣೆಗಳಲ್ಲಿ ಓಜೋನ್ ಬಹಳವಾಗಿ ತಗ್ಗುತ್ತದೆ. ಮಳೆಯು ಓಜೋನನ್ನು ತೊಳೆದುಬಿಡುತ್ತದೆಂಬ ಭಾವನೆ ಸರಿಯಲ್ಲ. ಅದು ನೀರಿನಲ್ಲಿ ಅಲ್ಪವಾಗಿ ಮಾತ್ರ ಕರಗುತ್ತದೆ. ಮೋಡಗಳು ಬಿಸಿಲನ್ನು ಮರೆಮಾಡುವುದು ಹಾಗೂ ಕಡಲಿನ ಶುದ್ಧ ಗಾಳಿಯು ನಗರದ ಗಾಳಿಯನ್ನು ಪಲ್ಲಟಗೊಳಿಸುವುದು ಇಳಿಕೆಯ ಮುಖ್ಯ ಕಾರಣಗಳು.

ಮುಂಗಾರಿಗೆ ಮೊದಲು, ಏಪ್ರಿಲ್‌ನಿಂದ ಜೂನ್‌ವರೆಗೆ, ದೆಹಲಿಯಲ್ಲಿ ಇದಕ್ಕೆ ವಿರುದ್ಧವಾದ ಸ್ಥಿತಿಯಿರುತ್ತದೆ. ವಾಯವ್ಯದಿಂದ ಒಣಗಾಳಿ ಬೀಸಿ, ಆಕಾಶವು ನಿರಭ್ರವಾಗಿ, ಬಿಸಿಲು ಪ್ರಖರವಾಗಿರುವುದರಿಂದ ಓಜೋನ್ ಅಧಿಕವಾಗಿ ಉತ್ಪತ್ತಿಯಾಗುತ್ತದೆ. ಅಧಿಕ ಒತ್ತಡದ ಪ್ರದೇಶಗಳಲ್ಲಿ ಮೇಲಿನ ಗಾಳಿಯು ಕೆಳಗಿಳಿಯುವಾಗ ಬಿಸಿಯಾಗಿ, ನೆಲದ ಗಾಳಿಯ ಮೇಲೆ ಮುಚ್ಚಳದಂತೆ ನಿಲ್ಲುತ್ತದೆ. ಆಗ ಮಾಲಿನ್ಯವು ಚದರಿಹೋಗದೆ ಸ್ಥಳದಲ್ಲಿಯೇ ಶೇಖರವಾಗುತ್ತದೆ.

ಚಳಿಗಾಲದಲ್ಲಿ ಗಾಳಿಯು ನೆಲದಿಂದ ಕಡಲಿನತ್ತ ತಿರುಗುತ್ತದೆ. ಮುಂಬಯಿಗೆ ಆಗ ಒಳನಾಡಿನ ಮಾಲಿನ್ಯವೂ ಬಂದು ಸೇರುತ್ತದೆ. ಈ ಗಾಳಿಯು ದಕ್ಷಿಣ ಏಷ್ಯಾದ ಮಾಲಿನ್ಯವನ್ನು ಸಮುದ್ರದ ಮೇಲೆ ಬಹುದೂರ ಒಯ್ಯುವುದನ್ನು 1999ರಲ್ಲಿ ಹಿಂದೂ ಮಹಾಸಾಗರದಲ್ಲಿ ನಡೆದ ಅಂತಾರಾಷ್ಟ್ರೀಯ ಪ್ರಯೋಗವು ತೋರಿಸಿಕೊಟ್ಟಿತು.

ಗಮನಿಸಬೇಕಾದ ಅಂಶಗಳು

2009ರಲ್ಲಿ ಪ್ರಕಟವಾದ ರಾಷ್ಟ್ರೀಯ ಮಾನದಂಡದಂತೆ ಪ್ರತಿ ಘನಮೀಟರ್ ಗಾಳಿಯಲ್ಲಿ ಓಜೋನ್ 8 ಗಂಟೆಗಳ ಸರಾಸರಿಯಲ್ಲಿ 100 ಮೈಕ್ರೋಗ್ರಾಂ, 1 ಗಂಟೆಯ ಸರಾಸರಿಯಲ್ಲಿ 180 ಮೈಕ್ರೋಗ್ರಾಂ ಮೀರಬಾರದು. 2015ರಲ್ಲಿ ಜಾರಿಗೆ ಬಂದ ರಾಷ್ಟ್ರೀಯ ವಾಯು ಗುಣಮಟ್ಟ ಸೂಚ್ಯಂಕದ 8 ಮಾಲಿನ್ಯಕಾರಕಗಳಲ್ಲಿ ಓಜೋನ್ ಸಹ ಒಂದು. ಧೂಳನ್ನು ತಡೆಯುವ ಮುಖಗವಸು ಈ ಅನಿಲವನ್ನು ತಡೆಯಲಾರದು. ಆದುದರಿಂದ ಸೂಚ್ಯಂಕವು ಅಧಿಕವಾಗಿರುವ ದಿನಗಳಲ್ಲಿ ಮಕ್ಕಳ ಆಟೋಟಗಳನ್ನೂ, ಹೊರಾಂಗಣದ ಶ್ರಮದ ಕೆಲಸಗಳನ್ನೂ ಸಾಧ್ಯವಾದಷ್ಟೂ ಬೆಳಗಿನ ವೇಳೆಗೆ ಇಟ್ಟುಕೊಳ್ಳುವುದು ಹಿತಕರ.

ಮಳೆಗಾಲದಲ್ಲಿ ಓಜೋನ್ ತಗ್ಗಿತೆಂದ ಮಾತ್ರಕ್ಕೆ ನಗರವು ಮಾಲಿನ್ಯವನ್ನು ಕಡಿಮೆಮಾಡಿತೆಂದು ಭಾವಿಸಲಾಗದು. ಗಾಳಿ ತಿರುಗಿದೊಡನೆ ಅದು ಮರಳಿ ಬರುತ್ತದೆ. ಮಾರುತಗಳನ್ನು ನಿಯಂತ್ರಿಸುವುದು ಮನುಷ್ಯನಿಗೆ ಸಾಧ್ಯವಿಲ್ಲ. ಆದರೆ ಓಜೋನಿಗೆ ಮೂಲವಾದ ಹೊಗೆಯನ್ನೂ ಆವಿಯನ್ನೂ ತಗ್ಗಿಸುವುದು ಸಾಧ್ಯವಿದೆ. ಒಂದು ನಗರದ ಹೊಗೆ ಗಾಳಿಯೊಡನೆ ಸಾಗಿ ಮತ್ತೊಂದು ಊರಿನ ಹೊಲವನ್ನು ಮುಟ್ಟುವುದರಿಂದ ಈ ಹೊಣೆ ಎಲ್ಲ ಊರುಗಳಿಗೂ ಸೇರಿದ್ದಾಗಿದೆ.