ಮರಳಿನ ಮೇಲೆ ಮೋಟಾರು

ಮೋಟಾರಿನ ಚಕ್ರದಲ್ಲಿ ಗಾಳಿ ಕಡಮೆಯಾದರೆ ನಾವು ಪಂಚರು ಅಂಗಡಿಯನ್ನು ಹುಡುಕಿಕೊಂಡು ಹೋಗುತ್ತೇವೆ. ಗಟ್ಟಿಯಾಗಿರುವ ಚಕ್ರಗಳಿಂದ ಬೇಕೆಂದೇ ಅರ್ಧಕ್ಕಿಂತ ಹೆಚ್ಚು ಗಾಳಿಯನ್ನು ಹೊರಗೆ ಬಿಟ್ಟು, ಆಮೇಲೆ ರಸ್ತೆಯೇ ಇಲ್ಲದ ಕಡೆಗೆ ಗಾಡಿಯನ್ನು ತಿರುಗಿಸುವ ಜನರೂ ಇದ್ದಾರೆಂದರೆ ವಾಚಕರು ನಗಬಹುದು. ಕಳೆದ ಜನವರಿಯಲ್ಲಿ ಅಂಥವರ ಜೊತೆಯಲ್ಲಿ ಎರಡು ಹಗಲು, ಒಂದು ರಾತ್ರಿ ಕಳೆಯುವ ಅವಕಾಶ ನನಗೆ ದೊರೆಯಿತು. ಮರಳು ಗಾಡಿಯನ್ನು ಹೇಗೆ ಹಿಡಿಯುತ್ತದೆ, ಹೇಗೆ ಬಿಡುತ್ತದೆ ಎಂಬುದನ್ನು ಅಲ್ಲಿ ಕಂಡಷ್ಟು, ಆಮೇಲೆ ಓದಿ ತಿಳಿದಷ್ಟು ಇಲ್ಲಿ ಹೇಳುತ್ತೇನೆ. ನಾನು ಇತಿಹಾಸ, ಅರ್ಥಶಾಸ್ತ್ರಗಳನ್ನು ಓದುವವನು. ನನ್ನ ಲೆಕ್ಕವನ್ನು ಲೆಕ್ಕ ಬಲ್ಲವರು ಸ್ವಲ್ಪ ಸಹಿಸಿಕೊಳ್ಳಬೇಕು.

ನನ್ನ ಅಣ್ಣ ಷಾರ್ಜಾದಲ್ಲಿ ಚಾಲಕ. ಪ್ರವಾಸಿಗಳನ್ನು ಮರಳುಗುಡ್ಡಗಳ ಮೇಲೆ ಸುತ್ತಾಡಿಸಿ ತರುವುದು ಅವನ ಕೆಲಸ. ಹತ್ತನೆಯ ತರಗತಿ ಮುಗಿಸಿ ಲಾರಿಯಲ್ಲಿ ಕ್ಲೀನರಾಗಿ ಸೇರಿದವನು. ಅರಬ್ಬರ ನಾಡಿಗೆ ಹೋಗಿ ಎಂಟು ವರ್ಷವಾಯಿತು. ನನ್ನ ಕಾಲೇಜಿನ ಶುಲ್ಕ ಬರುವುದು ಅಲ್ಲಿಂದಲೇ. ಐದನೆಯ ಸೆಮಿಸ್ಟರಿನ ಪರೀಕ್ಷೆ ಮುಗಿದ ಮೇಲೆ ಟಿಕೆಟು ಕಳಿಸಿ ಕರೆಸಿಕೊಂಡ. ಅಲ್ಲಿನ ಕೆಲವು ಕನ್ನಡಿಗರು, ಎಂಜಿನಿಯರುಗಳು, ಲೆಕ್ಕಿಗರು, ಶನಿವಾರ ಭಾನುವಾರ ಸ್ವಂತ ಗಾಡಿಗಳಲ್ಲಿ ಮರುಭೂಮಿಗೆ ಹೊರಟಿದ್ದರು; ದಾರಿ ತೋರಿಸಲು ಅಣ್ಣನನ್ನು ಕರೆದರು. ಅಣ್ಣನ ಬೆನ್ನಿಗೆ ನಾನು. ಐದು ಗಾಡಿ, ಹದಿನಾರು ಜನ. ಹೋದದ್ದು ಷಾರ್ಜಾ ಪಟ್ಟಣದಿಂದ ಪೂರ್ವಕ್ಕೆ, ಒಂದು ಗಂಟೆಯೊಳಗಿನ ದಾರಿಯಲ್ಲಿರುವ ಮಲೀಹಾ ಎಂಬಲ್ಲಿಗೆ. ಅಲ್ಲಿ ಕೆಂಪು ಮರಳಿನ ನಡುವೆ ಒಂದು ಕಲ್ಲಿನ ಗುಡ್ಡ ಎದ್ದು ನಿಂತಿದೆ. ಅದರ ಬಂಡೆಗಳಲ್ಲಿ ಕಡಲಿನ ಚಿಪ್ಪುಗಳ ಅಚ್ಚುಗಳಿವೆ. ಸುಮಾರು ೭ ಕೋಟಿ ವರ್ಷಗಳ ಹಿಂದೆ ಅದು ಕಡಲಿನ ತಳವಾಗಿತ್ತು. ಅಲ್ಲಿಗೆ ಸಮೀಪದ ಫಾಯಾ ಬೆಟ್ಟದಲ್ಲಿ ೧,೨೫,೦೦೦ ವರ್ಷಗಳಷ್ಟು ಹಳೆಯ ಕಲ್ಲಿನ ಆಯುಧಗಳು ಸಿಕ್ಕಿವೆ. ಇತಿಹಾಸದ ವಿದ್ಯಾರ್ಥಿಗೆ ಅದೇ ಒಂದು ಲೇಖನವಾದೀತು. ಇರಲಿ, ಮರಳಿಗೆ ಬರೋಣ.

ಟಾರು ರಸ್ತೆ ಮುಗಿಯುವಲ್ಲಿ ಎಲ್ಲರೂ ಇಳಿದು ಗಾಳಿ ಬಿಟ್ಟರು. ೩೫ ಪೌಂಡಿದ್ದುದು ೧೫ಕ್ಕೆ ಇಳಿಯಿತು. ಇದರ ಗುಟ್ಟು ಇಷ್ಟೆ. ಒಣ ಮರಳಿನಲ್ಲಿ ಕಾಳಿಗೂ ಕಾಳಿಗೂ ಅಂಟಿಲ್ಲ. ಒಂದನ್ನೊಂದು ಒರಸಿಕೊಂಡು ಕುಳಿತಿರುತ್ತವೆ, ಅಷ್ಟೆ. ಭಾರವು ಸಣ್ಣ ಜಾಗದಲ್ಲಿ ಬಿದ್ದರೆ ಕಾಳುಗಳು ಅಕ್ಕಪಕ್ಕಕ್ಕೆ ಸರಿದುಕೊಂಡು ಚಕ್ರಕ್ಕೆ ಗುಂಡಿ ಮಾಡಿಕೊಡುತ್ತವೆ. ಅದೇ ಭಾರವನ್ನು ದೊಡ್ಡ ಜಾಗಕ್ಕೆ ಹರಡಿದರೆ ಸುಮ್ಮನೆ ಹೊರುತ್ತವೆ. ಗಾಡಿಯ ತೂಕ ೨,೪೦೦ ಕಿಲೋ ಎಂದಿಟ್ಟುಕೊಳ್ಳಿ. ಒಂದು ಚಕ್ರದ ಪಾಲಿಗೆ ೬೦೦ ಕಿಲೋ, ಎಂದರೆ ಸುಮಾರು ೧,೩೨೦ ಪೌಂಡು. ಚದರ ಅಂಗುಲಕ್ಕೆ ೩೫ ಪೌಂಡಿನಂತೆ ಒತ್ತುವ ಗಾಳಿ ಇದನ್ನು ಹೊರಲು ೩೮ ಚದರ ಅಂಗುಲ ನೆಲ ಸಾಕು. ೧೫ ಪೌಂಡಾದರೆ ೮೮ ಚದರ ಅಂಗುಲ ಬೇಕು. ಟೈರಿನ ಗೋಡೆಗೇ ಒಂದಷ್ಟು ಬಿಗಿ ಇರುವುದರಿಂದ ಲೆಕ್ಕ ಕರಾರುವಾಕ್ಕಾಗಿ ಹೊಂದುವುದಿಲ್ಲ. ಆದರೂ ಮರಳಿನ ಮೇಲಿನ ಹೆಜ್ಜೆ ಹೆಚ್ಚುಕಡಮೆ ಇಮ್ಮಡಿಯಾಯಿತೆನ್ನಲು ಅಡ್ಡಿಯಿಲ್ಲ. ಟೈರು ಅಗಲವಾಗುವುದಕ್ಕಿಂತ ಹೆಚ್ಚಾಗಿ ಅದರ ಹೆಜ್ಜೆ ಉದ್ದವಾಗುತ್ತದೆ. ಒಂಟೆಯ ಪಾದ ನೋಡಿ: ಮೆತ್ತಗೆ, ಅಗಲ, ಊರಿದಾಗ ಇನ್ನೂ ಹರಡಿಕೊಳ್ಳುತ್ತದೆ. ನಮ್ಮೂರು ಹಗರಿ ಹೊಳೆಯ ದಂಡೆಯಲ್ಲಿದೆ. ಬೇಸಿಗೆಯಲ್ಲಿ ಬತ್ತಿದ ಹೊಳೆಯನ್ನು ದಾಟುವಾಗ ಕಬ್ಬಿಣದ ಪಟ್ಟಿಯ ಗಾಡಿ ಹೂತು ಎತ್ತುಗಳು ಮೊಣಕಾಲೂರುತ್ತಿದ್ದವೆಂದೂ, ಟೈರಿನ ಗಾಡಿ ಬಂದ ಮೇಲೆ ಅವುಗಳ ಪ್ರಾಣ ಉಳಿಯಿತೆಂದೂ ಅಪ್ಪ ಹೇಳುವುದುಂಟು. ಅದೂ ಇದೇ ನಿಯಮವೇ.

ಗಾಳಿ ಇಳಿಸಿದುದಕ್ಕೆ ಬೆಲೆಯೂ ತೆರಬೇಕು. ಗಕ್ಕನೆ ತಿರುಗಿಸಿದರೆ ಟೈರು ಗಾಲಿಯ ಬಳೆಯನ್ನು ಬಿಟ್ಟು ಕಳಚಿಕೊಳ್ಳುತ್ತದೆ. ಹಾಗೆಯೇ ಟಾರು ರಸ್ತೆಗೆ ಹತ್ತಿಸಿ ವೇಗವಾಗಿ ಓಡಿಸಿದರೆ ಗೋಡೆ ಮಡಚಿ ಮಡಚಿ ಕಾದು ಸಿಡಿಯಬಹುದು. ಆದ್ದರಿಂದ ಗಾಳಿ ತುಂಬುವ ಯಂತ್ರವನ್ನು ಜೊತೆಯಲ್ಲಿಯೇ ಒಯ್ಯುತ್ತಾರೆ.

ಈ ವಿದ್ಯೆಯನ್ನು ಹಟ ಹಿಡಿದು ಕಲಿತವರಲ್ಲಿ ಬ್ರಿಟಿಷ್ ಸೈನ್ಯದ ರಾಲ್ಫ್ ಬ್ಯಾಗ್ನಲ್ಡ್ (೧೮೯೬–೧೯೯೦) ಎಂಬಾತ ಪ್ರಮುಖ. ಕೈರೋದಲ್ಲಿದ್ದಾಗ ಆತನೂ ಗೆಳೆಯರೂ ರಜೆ ಸಿಕ್ಕಾಗಲೆಲ್ಲ ಸಾಧಾರಣ ಫೋರ್ಡ್ ಕಾರುಗಳಲ್ಲಿ ಮರುಭೂಮಿಗೆ ನುಗ್ಗುತ್ತಿದ್ದರು. ೧೯೨೯, ೧೯೩೦, ೧೯೩೨ರ ಯಾತ್ರೆಗಳಲ್ಲಿ, ಕಾರು ದಾಟಲಾರದೆಂದು ಜನ ನಂಬಿದ್ದ ಲಿಬಿಯಾ ಮರುಭೂಮಿಯ ಮರಳಿನ ಸಮುದ್ರವನ್ನು ಹೊಕ್ಕು ಬಂದರು. ನಾಲ್ಕೂ ಚಕ್ರಕ್ಕೆ ಶಕ್ತಿ ಹೋಗುವ ಗಾಡಿಗಳಲ್ಲ ಅವು. ಟೈರಿನ ಗಾಳಿ ಇಳಿಸುವುದು, ಹೂತ ಚಕ್ರದ ಕೆಳಗೆ ಉಕ್ಕಿನ ಹಲಗೆಯನ್ನು ತುರುಕುವುದು, ಕುದಿದ ರೇಡಿಯೇಟರಿನ ಆವಿಯನ್ನು ಒಂದು ಡಬ್ಬದಲ್ಲಿ ಹಿಡಿದು ನೀರು ಉಳಿಸುವುದು, ಸೂಜಿಯ ನೆರಳಿನಿಂದ ದಿಕ್ಕು ತಿಳಿಸುವ ಸೂರ್ಯನ ದಿಕ್ಸೂಚಿ, ಇವೇ ಅವರ ಬಂಡವಾಳ. ಊರಿಗೆ ಮರಳಿದ ಬ್ಯಾಗ್ನಲ್ಡ್ ಗಾಳಿಯ ಸುರಂಗವೊಂದನ್ನು ಕಟ್ಟಿ, ಮರಳು ಹಾರುವ ಬಗೆಯನ್ನು ಅಳೆದು, ೧೯೪೧ರಲ್ಲಿ ಗ್ರಂಥವನ್ನೇ ಬರೆದ. ಮಂಗಳ ಗ್ರಹದ ಮರಳುದಿಬ್ಬಗಳನ್ನು ಅಭ್ಯಾಸ ಮಾಡುವವರೂ ಇಂದಿಗೂ ಅದನ್ನು ತೆರೆದು ನೋಡುತ್ತಾರೆ. ರಜೆಯ ಹುಚ್ಚಿನಿಂದ ಶಾಸ್ತ್ರವೊಂದು ಹುಟ್ಟಿದ್ದಕ್ಕೆ ಇದಕ್ಕಿಂತ ಒಳ್ಳೆಯ ಉದಾಹರಣೆ ನನಗೆ ಗೊತ್ತಿಲ್ಲ.

ಮರಳುದಿಬ್ಬ ನೋಡಲು ಒಂದೇ ಗುಡ್ಡೆ, ಆದರೆ ಅದಕ್ಕೆ ಎರಡು ಮುಖ. ಗಾಳಿ ಬೀಸಿ ಬರುವ ಕಡೆಯ ಇಳಿಜಾರು ಮೆಲ್ಲಗಿರುತ್ತದೆ, ಮರಳು ಬಿಗಿಯಾಗಿರುತ್ತದೆ. ನೆತ್ತಿಯಿಂದಾಚೆ ಜಾರಿ ಬಿದ್ದ ಮರಳು ಸಡಿಲವಾಗಿ ೩೨ರಿಂದ ೩೪ ಡಿಗ್ರಿ ಕೋನದಲ್ಲಿ ನಿಲ್ಲುತ್ತದೆ. ಅದಕ್ಕಿಂತ ಕಡಿದಾಗಿ ಒಣ ಮರಳು ನಿಲ್ಲಲಾರದು. ಮೆಲ್ಲನೆಯ ಮುಖವನ್ನು ಓಟದ ಬಲದಿಂದ ಹತ್ತಬೇಕು. ನೆತ್ತಿಯ ಹತ್ತಿರ ಬಂದಾಗ ಆ ಬಲ ಮುಗಿಯುವಂತೆ ಅಳೆದಿರಬೇಕು. ಆಚೆ ಏನಿದೆಯೆಂದು ಕಾಣದಷ್ಟರಲ್ಲಿ ಹಾರಿದರೆ ಕೆಳಗೆ ನಿಂತ ಗಾಡಿಯ ಮೇಲೆ ಬೀಳಬಹುದು. ಇಳಿಯುವಾಗ ಮೂಗು ನೇರವಾಗಿ ಕೆಳಕ್ಕೆ. ಹೆದರಿ ಅಡ್ಡ ತಿರುಗಿಸಿದವನ ಗಾಡಿ ಉರುಳುತ್ತದೆ. ನಿಲ್ಲಿಸುವಾಗ ಬ್ರೇಕನ್ನು ಒತ್ತಬಾರದು, ಚಕ್ರದ ಮುಂದೆ ಮರಳು ಗುಡ್ಡೆಯಾಗುತ್ತದೆ. ತಾನಾಗಿ ನಿಲ್ಲಲು ಬಿಡಬೇಕು, ಅದೂ ಇಳಿಜಾರಿಗೆ ಮುಖ ಮಾಡಿ. ಎಲ್ಲಕ್ಕೂ ಮೊದಲ ನಿಯಮವೆಂದರೆ ಒಂದೇ ಗಾಡಿಯಲ್ಲಿ ಎಂದೂ ಹೋಗದಿರುವುದು. ಮುಂದೆ ದಾರಿ ಬಲ್ಲವನು, ಕಟ್ಟಕಡೆಗೆ ಮತ್ತೊಬ್ಬ ಬಲ್ಲವನು. ನಡುವಿನವರು ಹಿಂದಿನ ಗಾಡಿ ಕನ್ನಡಿಯಲ್ಲಿ ಕಾಣುತ್ತಿದೆಯೇ ಎಂದು ನೋಡುತ್ತಿರಬೇಕು.

ಮೂರನೆಯ ಗಾಡಿಯ ಎಂಜಿನಿಯರು ನೆತ್ತಿಯ ಮೇಲೆ ಸಿಕ್ಕಿಕೊಂಡರು. ಗಾಡಿಯ ಹೊಟ್ಟೆ ಮರಳಿನ ಅಂಚಿನ ಮೇಲೆ ಕುಳಿತು ನಾಲ್ಕು ಚಕ್ರವೂ ಸುಮ್ಮನೆ ಸುತ್ತತೊಡಗಿದವು. ಇಂಥಲ್ಲಿ ಮನುಷ್ಯನ ಕಾಲು ತಾನಾಗಿಯೇ ಇನ್ನೂ ಒತ್ತುತ್ತದೆ. ಸುತ್ತಿದಷ್ಟೂ ಚಕ್ರ ತನ್ನ ಗುಂಡಿಯನ್ನು ತಾನೇ ತೋಡುತ್ತದೆ. "ಕಾಲು ತೆಗೀರಿ ಸಾರ್, ಕಾಲು ತೆಗೀರಿ!" ಎಂದು ಅಣ್ಣ ವೈರ್‌ಲೆಸ್ಸಿನಲ್ಲಿ ಕೂಗುತ್ತಿದ್ದ. ಆಮೇಲೆ ಸಲಿಕೆ ಹಿಡಿದು ಎಲ್ಲರೂ ಹೊಟ್ಟೆಯ ಕೆಳಗಿನ ಮರಳನ್ನು ತೆಗೆದೆವು. ಗಾಳಿಯನ್ನು ೧೨ಕ್ಕೆ ಇಳಿಸಿ, ತಾನು ಹತ್ತಿಬಂದ ಜಾಡಿನಲ್ಲಿಯೇ ಹಿಂದಕ್ಕೆ ಜಾರಿಸಿದ. ಆ ಜಾಡು ಒಮ್ಮೆ ತುಳಿಸಿಕೊಂಡು ಬಿಗಿಯಾಗಿರುತ್ತದೆ. ನಲವತ್ತು ನಿಮಿಷ ಹಿಡಿಯಿತು. ಆ ಹೊತ್ತೆಲ್ಲ ದೊಡ್ಡ ಪದವಿಗಳ ಅಷ್ಟು ಜನ, ಹತ್ತನೆಯ ತರಗತಿಯವನು ಹೇಳಿದಂತೆ ಕೇಳುತ್ತಿದ್ದುದನ್ನು ನಾನು ನೋಡಿದೆ. ಮನೆಗೆ ಬಂದಾಗ ಅಣ್ಣ, ಓದಿದವನೆಂದು ನನ್ನ ಮುಂದೆ ಮಾತು ಕಡಮೆ ಮಾಡುತ್ತಾನೆ. ಮರಳಿನ ಮೇಲೆ ಹಾಗಿರಲಿಲ್ಲ.

ಅವನಿಗೆ ಇದು ವಿನೋದವೂ ಅಲ್ಲ. ಕೆಲಸದ ದಿನ ಹಿಂದೆ ಕುಳಿತ ಪ್ರವಾಸಿಗಳು ಕಿರಿಚಿದಷ್ಟೂ ಅವರಿಗೆ ಹಣ ಸಂದಂತೆ. ಆದ್ದರಿಂದ ಬೀಳುವಂತೆ ತೋರಿಸಬೇಕು, ಬೀಳಬಾರದು. ಉರುಳಿದರೆ ಕೆಲಸ ಹೋಗುತ್ತದೆ, ಜೀವ ಉಳಿದರೆ. ವರ್ಷಗಟ್ಟಲೆ ಕುಲುಕಿ ಕುಲುಕಿ ಅವನ ಸೊಂಟ ಈಗಲೇ ಅಪ್ಪನ ಸೊಂಟದಂತಾಗಿದೆ. ಊರಿಗೆ ಕಳಿಸುವ ಫೋಟೋಗಳಲ್ಲಿ ಇದು ಕಾಣುವುದಿಲ್ಲ.

ಸಂಜೆ ದಿಬ್ಬದ ಮಗ್ಗುಲಲ್ಲಿ ಡೇರೆ ಹಾಕಿದೆವು. ಹೊತ್ತು ಮುಳುಗಿದ್ದೇ ಚಳಿ ಹತ್ತಿತು. ಮರಳು ಬಿಸಿಲಿಗೆ ಕಾಯುವುದು ಮೇಲಿನ ತೆಳು ಪದರದಲ್ಲಿ ಮಾತ್ರ. ಒಳಕ್ಕೆ ಬಿಸಿ ಇಳಿಯದು. ಒಣಹವೆ, ಮೋಡವಿಲ್ಲದ ಆಕಾಶ. ಹೀಗಾಗಿ ಗಳಿಸಿದ ಶಾಖವೆಲ್ಲ ಬೇಗನೆ ಮೇಲಕ್ಕೆ ಹೋಗಿಬಿಡುತ್ತದೆ. ನಡುರಾತ್ರಿಗೆ ೧೧ ಡಿಗ್ರಿ. ಸೌದೆಯನ್ನು ಪಟ್ಟಣದಿಂದಲೇ ಕೊಂಡು ತಂದಿದ್ದರು, ಕಬ್ಬಿಣದ ತಟ್ಟೆಯಲ್ಲಿ ಬೆಂಕಿ ಹಾಕಿದರು. ಪಕ್ಕದಲ್ಲಿಯೇ ಒಂದು ಮರವಿದ್ದರೂ ಅದರ ಕಡ್ಡಿಯನ್ನು ಯಾರೂ ಮುಟ್ಟಲಿಲ್ಲ. ಅರಬ್ಬರು ಅದನ್ನು ಗಾಫ್ ಎನ್ನುತ್ತಾರೆ. ಆ ದೇಶದ ರಾಷ್ಟ್ರವೃಕ್ಷ, ಕಡಿಯುವುದು ನಿಷಿದ್ಧ. ಸಣ್ಣ ಎಲೆ, ಮುಳ್ಳು, ತೊಗಟೆ ನೋಡಿದೊಡನೆ ನನಗೆ ಗುರುತು ಹತ್ತಿತು. ನಮ್ಮ ಬನ್ನಿ ಮರ! ಸಸ್ಯಶಾಸ್ತ್ರದವರು ಪ್ರೊಸೋಪಿಸ್ ಸಿನರೇರಿಯ ಎನ್ನುವುದೂ, ರಾಜಸ್ಥಾನದವರು ಖೇಜ್ರಿ ಎನ್ನುವುದೂ ಇದನ್ನೇ. ಹತ್ತಾರು ಮೀಟರು ಆಳಕ್ಕೆ ಬೇರಿಳಿಸಿ, ಮರಳಿನ ಕೆಳಗಿನ ನೀರನ್ನು ಕುಡಿದು ಹಸಿರಾಗಿರುತ್ತದೆ. ದಸರೆಗೆ ನಾವು ಪೂಜೆ ಮಾಡಿ ಬರುವ ಮರ ಅಷ್ಟು ದೂರದಲ್ಲಿ ಒಂಟೆಗಳಿಗೆ ನೆರಳಾಗಿ ನಿಂತಿದೆ.

ಬೆಂಕಿಯ ಮುಂದೆ ಅಣ್ಣನಿಗೆ ಬ್ಯಾಗ್ನಲ್ಡನ ವಿಚಾರ ಹೇಳಿದೆ. ಗಾಳಿಯಲ್ಲಿ ಮರಳಿನ ಕಾಳು ಧೂಳಿನಂತೆ ತೇಲುವುದಿಲ್ಲ. ನೆಗೆದು, ನೆಲಕ್ಕೆ ಬಿದ್ದು, ಬೇರೆ ಕಾಳುಗಳನ್ನು ಒದ್ದು ಎಬ್ಬಿಸಿ, ಮತ್ತೆ ನೆಗೆಯುತ್ತದೆ ಎಂದು ಆತ ತೋರಿಸಿದನೆಂದೆ. ಅಣ್ಣ ಸ್ವಲ್ಪ ಹೊತ್ತು ಸುಮ್ಮನಿದ್ದು, "ಹೌದು ಮತ್ತೆ. ಗಾಳಿ ಎದ್ದಾಗ ಮರಳು ಕಾಲಿಗೆ ಸೂಜಿ ಚುಚ್ಚಿದಂಗೆ ಹೊಡೀತೈತಿ, ಮಕಕ್ಕೆ ಅಷ್ಟು ಹೊಡಿಯಂಗಿಲ್ಲ, ನೋಡು" ಎಂದ. ಆ ಗ್ರಂಥದಲ್ಲಿಯೂ ಇರುವುದು ಅದೇ: ಹಾರುವ ಮರಳಿನ ಬಹುಪಾಲು ನೆಲಕ್ಕೆ ಹತ್ತಿರದಲ್ಲಿಯೇ ಸಾಗುತ್ತದೆ.

ಬೆಳಿಗ್ಗೆ ಇಬ್ಬನಿಗೆ ಮರಳು ಬಿಗಿದುಕೊಂಡಿತ್ತು. ನೀರಿನ ತೆಳುಪೊರೆ ಕಾಳುಗಳನ್ನು ಹಿಡಿದಿರುವುದರಿಂದ ಆ ಹೊತ್ತಿನಲ್ಲಿ ಗಾಡಿ ಸಲೀಸಾಗಿ ಓಡುತ್ತದೆ, ಬಿಸಿಲೇರಿದಂತೆ ಮೆತ್ತಗಾಗುತ್ತದೆ. ಆದರೂ ಅಣ್ಣ ಹೊರಡಲು ಬಿಡಲಿಲ್ಲ. ಗೋಣಿಚೀಲ ಹಿಡಿದು ಡೇರೆಗಳ ಸುತ್ತ ನಡೆಯತೊಡಗಿದ. ೨೦೨೧ರಲ್ಲಿ ಪ್ರಕಟವಾದ ಒಂದು ಅಧ್ಯಯನದ ಪ್ರಕಾರ, ದುಬೈಯ ಪಶುವೈದ್ಯರು ೨೦೦೮ರಿಂದ ಪರೀಕ್ಷಿಸಿದ ಸುಮಾರು ೩೦,೦೦೦ ಸತ್ತ ಒಂಟೆಗಳಲ್ಲಿ ೩೦೦ರ ಹೊಟ್ಟೆಯಲ್ಲಿ ಪ್ಲಾಸ್ಟಿಕ್ಕಿನ ಗಂಟುಗಳಿದ್ದುವು. ನಮ್ಮ ಸಂತೆಯ ದನಗಳ ಪಾಡೂ ಬೇರೆಯಲ್ಲ. ಅಣ್ಣ ಆ ಅಧ್ಯಯನವನ್ನು ಓದಿಲ್ಲ. ಹಾಗೆ ಸತ್ತ ಒಂಟೆಯನ್ನು ನೋಡಿದ್ದಾನೆ. ಅವನ ಹಿಂದೆ ನಾನೂ, ನನ್ನ ಹಿಂದೆ ಎಂಜಿನಿಯರುಗಳೂ ಬಗ್ಗಿ ಬಗ್ಗಿ ಹೆಕ್ಕಿದೆವು. ಎರಡು ಚೀಲ ತುಂಬಿತು. ನಮ್ಮದು ಒಂದು ಚೀಲದಷ್ಟೂ ಇರಲಿಲ್ಲ. ಉಳಿದದ್ದು ನಮಗಿಂತ ಮೊದಲು ಬಂದುಹೋದವರದು.