ಕಡಿದ ಬೆನ್ನುಹುರಿ ಮತ್ತೆ ಕೂಡೀತೆ?

ಬೆರಳು ಕೊಯ್ದರೆ ಕೆಲವು ದಿನಗಳಲ್ಲಿ ಗಾಯ ಮಾಯುತ್ತದೆ. ಮುರಿದ ಮೂಳೆಯೂ ಕೂಡಿಕೊಳ್ಳುತ್ತದೆ. ಆದರೆ ಮಿದುಳಿನಲ್ಲಾಗಲಿ ಬೆನ್ನುಹುರಿಯಲ್ಲಾಗಲಿ ಕಡಿದುಹೋದ ನರತಂತುಗಳು ಮತ್ತೆ ಬೆಳೆದು ತಮ್ಮ ಗುರಿಯನ್ನು ಸೇರಲಾರವು. ಮರದಿಂದ ಬಿದ್ದು ಬೆನ್ನುಹುರಿಗೆ ಪೆಟ್ಟಾದವನು ಜೀವಮಾನವೆಲ್ಲ ಕಾಲುಗಳ ಸ್ವಾಧೀನವಿಲ್ಲದೆ ಕಳೆಯಬೇಕಾಗಬಹುದು.

ಇದು ಪ್ರಕೃತಿಯ ಮೀರಲಾಗದ ನಿಯಮವೆ? ಅಲ್ಲ. ಭಾರತದ ತೊರೆಗಳಲ್ಲಿ ವಾಸಿಸುವ, ಕಿರುಬೆರಳಿಗಿಂತ ಚಿಕ್ಕದಾದ ಜೀಬ್ರಾ ಮೀನಿನ ಬೆನ್ನುಹುರಿಯನ್ನು ಕಡಿದರೆ, ಅದು ಕೆಲವು ವಾರಗಳಲ್ಲಿ ಮತ್ತೆ ಈಜತೊಡಗುತ್ತದೆ! ಅದಕ್ಕಿರುವ ಯಾವ ಶಕ್ತಿ ನಮಗಿಲ್ಲ? ಉತ್ತರದ ಒಂದಂಶ ಮೈಕ್ರೋ ಆರ್.ಎನ್.ಎ. ಎಂಬ ಅಣುವಿನಲ್ಲಿದೆ.

‘ಮೈಕ್ರೋ’ ಎಂದೊಡನೆ ಭೌತಶಾಸ್ತ್ರದ ವಿದ್ಯಾರ್ಥಿಗಳಿಗೆ ಹತ್ತು ಲಕ್ಷದಲ್ಲೊಂದು ಭಾಗ ನೆನಪಾದೀತು. ಇಲ್ಲಿ ಅದಕ್ಕೆ ‘ಅತಿ ಕಿರಿದು’ ಎಂದಷ್ಟೇ ಅರ್ಥ. ಜೀವಕೋಶದ ಡಿ.ಎನ್.ಎ.ಯನ್ನು ಮೂಲಗ್ರಂಥವೆಂದು ಭಾವಿಸೋಣ. ಅದರಲ್ಲಿರುವ ಆದೇಶದ ನಕಲನ್ನು ದೂತ ಆರ್.ಎನ್.ಎ. ಹೊತ್ತು ತರುತ್ತದೆ, ಅದರಂತೆ ಪ್ರೋಟೀನು ತಯಾರಾಗುತ್ತದೆ. ಸುಮಾರು 22 ಘಟಕಗಳಷ್ಟೇ ಉದ್ದವಿರುವ ಮೈಕ್ರೋ ಆರ್.ಎನ್.ಎ. ಈ ದೂತನಿಗೆ ಅಂಟಿಕೊಂಡು ಆದೇಶವನ್ನು ತಡೆಹಿಡಿಯುತ್ತದೆ. 1993ರಲ್ಲಿ, ಒಂದು ಮಿಲಿಮೀಟರು ಉದ್ದದ ಹುಳುವಿನಲ್ಲಿ ಈ ಮರ್ಮವನ್ನು ಬೆಳಕಿಗೆ ತಂದವರು ಅಮೆರಿಕದ ವಿಕ್ಟರ್ ಆಂಬ್ರೋಸ್ ಮತ್ತು ಗ್ಯಾರಿ ರುವ್ಕನ್. ಇದಕ್ಕಾಗಿ ಅವರಿಗೆ 2024ರ ನೊಬೆಲ್ ಪಾರಿತೋಷಕ ದೊರೆಯಿತು.

ಈಗ ಮೀನಿಗೆ ಮರಳೋಣ. ಬೆನ್ನುಹುರಿ ಕಡಿದ ಬಳಿಕ ಅದರ ನರಕೋಶಗಳಲ್ಲಿ 133-ಬಿ ಎಂಬ ಮೈಕ್ರೋ ಆರ್.ಎನ್.ಎ. ಹೆಚ್ಚುತ್ತದೆ. ನರತಂತುವಿನ ಬೆಳವಣಿಗೆಗೆ ಅಡ್ಡಿಯಾಗುವ ರೋ-ಎ ಎಂಬ ಪ್ರೋಟೀನನ್ನು ಅದು ತಗ್ಗಿಸುತ್ತದೆ. ಎಂದರೆ, ತಡೆಗೇ ತಡೆ! 2011ರಲ್ಲಿ ಪ್ರಕಟವಾದ ಪ್ರಯೋಗದಲ್ಲಿ ಈ ಅಣುವನ್ನು ಕಟ್ಟಿಹಾಕಿದಾಗ ಮೀನುಗಳ ಚೇತರಿಕೆ ಕುಂಠಿತವಾಯಿತು. ಇದನ್ನೇ ಹೊರಗಿನಿಂದ ಒದಗಿಸಿದಾಗ ಗಾಯಗೊಂಡ ಇಲಿಗಳೂ ಸ್ವಲ್ಪಮಟ್ಟಿಗೆ ಸುಧಾರಿಸಿವೆ.

ಹಾಗಾದರೆ ಮನುಷ್ಯನಿಗೂ ಇದನ್ನೇ ಕೊಡಬಾರದೇಕೆ? ತೊಡಕುಗಳು ಎರಡು. ಮೊದಲನೆಯದು ಸಾಗಣೆಯದು. ಬರಿಯ ಆರ್.ಎನ್.ಎ. ರಕ್ತದಲ್ಲಿ ಬೇಗನೆ ನಾಶವಾಗುತ್ತದೆ. ಉಳಿದರೂ ಮಿದುಳಿನ ರಕ್ತನಾಳಗಳ ಬಿಗಿಯಾದ ಗೋಡೆ ಅದನ್ನು ಒಳಗೆ ಬಿಡದು. ಎರಡನೆಯದು ಇನ್ನೂ ಗಹನವಾದುದು. ಒಂದೇ ಮೈಕ್ರೋ ಆರ್.ಎನ್.ಎ. ಹಲವಾರು ಆದೇಶಗಳನ್ನು ತಡೆಯಬಲ್ಲದು. ಬೇಡವಾದುದರ ಜೊತೆಗೆ ಬೇಕಾದುದೂ ನಿಂತುಹೋಗಬಹುದು. ಕ್ಯಾನ್ಸರ್ ರೋಗಿಗಳಲ್ಲಿ ನಡೆಯುತ್ತಿದ್ದ ಇಂಥದೇ ಔಷಧವೊಂದರ ಪರೀಕ್ಷೆಯನ್ನು, ದೇಹದ ರಕ್ಷಣಾವ್ಯವಸ್ಥೆ ಅಪಾಯಕರವಾಗಿ ಕೆರಳಿದ್ದರಿಂದ, 2016ರಲ್ಲಿ ನಿಲ್ಲಿಸಬೇಕಾಯಿತು.

ಆದುದರಿಂದ ಬೆನ್ನುಹುರಿಯ ಗಾಯಕ್ಕೆ ಇಂದೇ ಈ ಔಷಧವಿದೆಯೆಂದು ಯಾರಾದರೂ ಹೇಳಿದರೆ ನಂಬಬಾರದು. ಆದರೆ ಈ ಗಾಯ ಎಂದೆಂದಿಗೂ ಮಾಯದೆಂಬ ಮಾತನ್ನೂ ಇನ್ನು ಹಾಗೆಯೇ ಒಪ್ಪಬೇಕಾಗಿಲ್ಲ. ಬೆಳವಣಿಗೆಗೆ ಬಿದ್ದಿರುವ ಬೀಗಗಳಲ್ಲಿ ಒಂದರ ಗುರುತು ಸಿಕ್ಕಿದೆ. ಅದನ್ನು ಬೇಕಾದ ಕೋಶದಲ್ಲಿ, ಬೇಕಾದಷ್ಟೇ ತೆರೆಯುವ ಬಗೆಯನ್ನು ಕಲಿಯಬೇಕಾಗಿದೆ.